ಎರಡನೆಯ ಸಲ

ಕಲಬುರಗಿಯಿಂದ ಹುಮನಾಬಾದಿನತ್ತ ಸಾಗುವ ಹೆದ್ದಾರಿಯಲ್ಲಿ ಮಹಾಗಾಂವ ಕ್ರಾಸ್ ಎಂಬ ಕೂಡುದಾರಿಯೊಂದುಂಟು. ಸುತ್ತ ತೊಗರಿ, ಜೋಳದ ಹೊಲಗಳು. ಇನ್ನಷ್ಟು ಮುಂದೆ ಕೆಂಪು ಬಾಳೆಗೆ ಹೆಸರಾದ ಕಮಲಾಪುರ. ಬೆಳಗಿನ ಹೊತ್ತು ಕಲಬುರಗಿಯ ಕಾಲೇಜುಗಳಿಗೆ ಹೊರಟ ಹೆಣ್ಣುಮಕ್ಕಳು ಇಂತಹ ಕೂಡುದಾರಿಗಳಲ್ಲಿ ಬಸ್ಸಿಗಾಗಿ ಕಾದು ನಿಲ್ಲುತ್ತಾರೆ. ಅವರಲ್ಲಿ ಮೊದಲ ವರ್ಷದವಳು ಯಾರು, ಕೊನೆಯ ವರ್ಷದವಳು ಯಾರು ಎಂಬುದನ್ನು ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ. ಮೊದಲನೆಯವಳು ಗೆಳತಿಯ ಬೆನ್ನ ಹಿಂದೆ ನಿಂತಿರುತ್ತಾಳೆ; ಯಾರಾದರೂ ಹೆಸರು ಕೇಳಿದರೆ ಉತ್ತರವನ್ನು ನೆಲಕ್ಕೆ ಹೇಳುತ್ತಾಳೆ. ಇನ್ನೊಬ್ಬಳು ನಿಲ್ಲಿಸದೆ ಹೊರಟ ಬಸ್ಸನ್ನು ಕೈಯೆತ್ತಿ ತಡೆಯುತ್ತಾಳೆ. ಮುದುಕಿಯೊಬ್ಬಳಿಗೆ ಜಾಗ ಬಿಡಿಸಿಕೊಡುತ್ತಾಳೆ. ಇಬ್ಬರ ನಡುವೆ ಇರುವುದು ಎರಡು ಮೂರು ವರ್ಷಗಳ ಅಂತರ ಮಾತ್ರ. ಆ ಅವಧಿಯಲ್ಲಿ ನಡೆದ ಪವಾಡವಾದರೂ ಏನು?

ಆತ್ಮವಿಶ್ವಾಸವೆಂಬುದು ಹುಟ್ಟಿನಿಂದ ಬರುವ ಗುಣವೆಂದು ಕೆಲವರು ಭಾವಿಸುತ್ತಾರೆ. ಅದು ಪಟ್ಟಣದ ಉಡುಗೆಯಿಂದ, ಇಂಗ್ಲಿಷ್ ಮಾತಿನಿಂದ ಬರುವುದೆಂದು ಇನ್ನು ಕೆಲವರ ಎಣಿಕೆ. ಎರಡೂ ನಿಜವಲ್ಲ. ಹೊಗಳಿಕೆಯಿಂದ ಹುಟ್ಟಿದ ಧೈರ್ಯ ಮೊದಲ ತೆಗಳಿಕೆಗೇ ಕರಗಿಹೋಗುತ್ತದೆ. ಒಮ್ಮೆ ಬಿದ್ದು, ಬಿದ್ದಲ್ಲಿಂದ ತಾನೇ ಎದ್ದವಳ ಧೈರ್ಯವೇ ಗಟ್ಟಿಯಾದುದು. ಆದರೆ ಏಳುವುದಕ್ಕೆ ಅವಳಿಗೆ ಅವಕಾಶವಾದರೂ ಬೇಕಷ್ಟೆ! ಹೆಣ್ಣುಮಕ್ಕಳ ಪಾಲಿಗೆ ಕಷ್ಟವಿರುವುದು ಅಲ್ಲಿಯೇ.

ಪರೀಕ್ಷೆಯ ಫಲಿತಾಂಶ ಬಂದ ದಿನ ಅನೇಕ ಮನೆಗಳಲ್ಲಿ ನಡೆಯುವುದನ್ನು ನೆನೆದು ನೋಡಬಹುದು. ಮಗ ನಪಾಸಾದರೆ ತಂದೆ ಒಂದು ದಿನ ಗದರುತ್ತಾನೆ, ಮರುದಿನ ಮತ್ತೆ ಪರೀಕ್ಷೆಗೆ ಕೂಡಿಸಲು ಹಣ ಕಟ್ಟುತ್ತಾನೆ. ಮಗಳು ನಪಾಸಾದರೆ ಯಾರೂ ಗದರುವುದಿಲ್ಲ. ಗಂಡು ಹುಡುಕಲು ಆರಂಭಿಸುತ್ತಾರೆ. “ಸಾಕು ಬಿಡ್ರಿ, ಎಷ್ಟು ಓದಿದ್ರೂ ರೊಟ್ಟಿ ಬಡಿಯೋದು ತಪ್ತದೇನು?” ಎಂದು ನೆರೆಮನೆಯವರು ಸಮಾಧಾನ ಹೇಳುತ್ತಾರೆ. ಆ ಸಮಾಧಾನದಲ್ಲಿ ಪ್ರೀತಿಯಿಲ್ಲವೆಂದಲ್ಲ. ಆದರೆ ಒಂದು ವಿಷಯದಲ್ಲಿ ಕಳೆದುಕೊಂಡ ಹತ್ತು ಅಂಕಗಳಿಗಾಗಿ ಒಬ್ಬ ತರುಣಿ ತನ್ನ ಇಡೀ ಭವಿಷ್ಯವನ್ನು ದಂಡವಾಗಿ ತೆತ್ತಂತಾಯಿತಲ್ಲವೇ?

ಕಲಬುರಗಿಯಲ್ಲಿಯೇ ಹುಟ್ಟಿ ಬೆಳೆದ ಒಬ್ಬ ಮಹಿಳೆಯ ಬಾಳು ಈ ಪ್ರಶ್ನೆಗೆ ಉತ್ತರವಾಗಿ ನಿಂತಿದೆ. ಡಾ. ವಿಜಯಲಕ್ಷ್ಮಿ ದೇಶಮಾನೆ ಅವರು ಆ ನಗರದ ಕೊಳೆಗೇರಿಯೊಂದರಲ್ಲಿ, ಪರಿಶಿಷ್ಟ ಜಾತಿಯ ಬಡ ಕುಟುಂಬದಲ್ಲಿ ಹುಟ್ಟಿದವರು. ತಂದೆ ಕೂಲಿನಾಲಿ ಮಾಡಿ, ಮುಂದೆ ಗಿರಣಿಯ ಕಾರ್ಮಿಕರಾಗಿ ದುಡಿದವರು. ತಾಯಿ ತರಕಾರಿ ಮಾರಿ ಸಂಸಾರ ತೂಗಿಸಿದವರು. ತರಕಾರಿಯ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ತಾಯಿಗೆ ನೆರವಾಗುತ್ತಲೇ ಮಗಳು ಶಾಲೆಗೆ ಹೋದಳು. ತನ್ನ ಮಗಳು ವೈದ್ಯಳಾಗಬೇಕೆಂಬುದು ಆ ತಂದೆಯ ಕನಸು. ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿನಲ್ಲಿ ಸೀಟು ದೊರೆತಾಗ ಮನೆಯಲ್ಲಿ ಹಣವಿರಲಿಲ್ಲ. ತಾಯಿ ತನ್ನ ಕೊರಳ ಮಾಂಗಲ್ಯವನ್ನೇ ತೆಗೆದುಕೊಟ್ಟರು.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ತಾಯಿಯ ತ್ಯಾಗದ ಕಥೆಯಾಗುತ್ತಿತ್ತು. ಮಗಳ ಕಥೆ ಆರಂಭವಾಗುವುದು ಆನಂತರ. ಅಲ್ಲಿಯವರೆಗೆ ಕನ್ನಡದಲ್ಲಿಯೇ ಓದಿದ್ದ ಹುಡುಗಿಗೆ ಇಂಗ್ಲಿಷಿನ ದಪ್ಪ ಗ್ರಂಥಗಳು ಕಬ್ಬಿಣದ ಕಡಲೆಯಾದವು. ಮೊದಲ ವರ್ಷದ ಪರೀಕ್ಷೆಯಲ್ಲಿ ಆಕೆ ಅನುತ್ತೀರ್ಣಳಾದಳು. ಮಾಂಗಲ್ಯದ ಬೆಲೆ ತೆತ್ತು ಪಡೆದ ವಿದ್ಯೆಯಲ್ಲಿ ಸೋಲುವುದೆಂದರೇನೆಂಬುದನ್ನು ಊಹಿಸಿದರೆ ಎದೆ ಭಾರವಾಗುತ್ತದೆ. ಊರಿಗೆ ಮರಳಿಬಿಡುವುದು ಸುಲಭವಿತ್ತು. ಹಿಂತಿರುಗಿ ಬಂದವಳನ್ನು ಯಾರೂ ದೂರುತ್ತಿರಲಿಲ್ಲ. ಆಕೆ ಮರಳಲಿಲ್ಲ. ಅಧ್ಯಾಪಕರ ನೆರವನ್ನು ಸಂಕೋಚವಿಲ್ಲದೆ ಪಡೆದು, ಭಾಷೆಯನ್ನೂ ವಿಷಯವನ್ನೂ ಒಟ್ಟಿಗೆ ಕಲಿತು, ಮತ್ತೆ ಪರೀಕ್ಷೆಗೆ ಕುಳಿತು ಗೆದ್ದಳು. ಅನಂತರದ ಮೆಟ್ಟಿಲುಗಳು ಒಂದೊಂದಾಗಿ ಬಂದವು: ಶಸ್ತ್ರಚಿಕಿತ್ಸೆಯಲ್ಲಿ ಉನ್ನತ ಪದವಿ, ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ಸೇವೆ, ಮುಂದೆ ಅದೇ ಸಂಸ್ಥೆಯ ನಿರ್ದೇಶಕಿಯ ಹೊಣೆ. 2025ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ಪ್ರಕಟಿಸಿತು.

ಪ್ರಶಸ್ತಿಗಿಂತ ಹೆಚ್ಚು ಗಮನಿಸಬೇಕಾದುದು ಅವರು ಆರಿಸಿಕೊಂಡ ಕಾರ್ಯಕ್ಷೇತ್ರ. ಸ್ತನ ಕ್ಯಾನ್ಸರ್ ಎಂಬುದು ದೇಹದಷ್ಟೇ ನಾಚಿಕೆಯನ್ನೂ ಆಶ್ರಯಿಸಿ ಬೆಳೆಯುವ ರೋಗ. ಸಣ್ಣ ಗಂಟೊಂದು ಕೈಗೆ ತಾಗಿದಾಗಲೇ ವೈದ್ಯರ ಬಳಿಗೆ ಹೋದರೆ ಗುಣವಾಗುವ ಸಂಭವ ಬಹಳ ಹೆಚ್ಚು. ಆದರೆ ನೋವಿಲ್ಲದ ಗಂಟನ್ನು ಲೆಕ್ಕಿಸದೆ, ಗಂಡನಿಗೂ ಹೇಳದೆ, ಅತ್ತೆಗೂ ತೋರದೆ ತಿಂಗಳುಗಟ್ಟಲೆ ಮುಚ್ಚಿಡುವ ಗೃಹಿಣಿಯರು ಎಷ್ಟೋ ಮಂದಿ. ತನ್ನ ಶರೀರದ ಮಾತನ್ನು ಬಾಯಿಬಿಟ್ಟು ಹೇಳಲಾರದವಳಿಗೆ ಔಷಧಾಲಯ ಹತ್ತಿರವಿದ್ದು ಫಲವೇನು? ನೆಲ ನೋಡಿ ಉತ್ತರ ಕೊಡುವುದನ್ನೇ ಸುಶೀಲತೆಯೆಂದು ಹುಡುಗಿಗೆ ಕಲಿಸಿದ ಮನೆಯು, ನಲವತ್ತರ ವಯಸ್ಸಿನಲ್ಲಿ ಆಕೆ ಪ್ರಾಣಸಂಕಟವನ್ನೂ ಹೇಳಲಾರದಂತೆ ಮಾಡಿರುತ್ತದೆ. ಆತ್ಮವಿಶ್ವಾಸವು ಹೆಣ್ಣಿಗೆ ಅಲಂಕಾರವಲ್ಲ, ಆಯುಸ್ಸಿನ ಪ್ರಶ್ನೆ.

ಕಾಲ ಬದಲಾಗಿಲ್ಲವೆಂದು ಹೇಳುವಂತಿಲ್ಲ. 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ ಕನ್ನಡದ ಹುಡುಗಿಗೆ ಶಾಲೆಯೇ ದೂರದ ಮಾತಾಗಿತ್ತು. ಸಂವಿಧಾನಕ್ಕೆ ಸೇರಿದ 371-ಜೆ ವಿಧಿಯು 2013ರಿಂದ ಈ ಭಾಗದ ಮಕ್ಕಳಿಗೆ ವಿದ್ಯೆಯಲ್ಲಿಯೂ ಉದ್ಯೋಗದಲ್ಲಿಯೂ ಮೀಸಲು ಸ್ಥಾನಗಳ ಬಾಗಿಲು ತೆರೆಯಿತು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ, ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಪ್ರಯಾಣ ಉಚಿತವಾಯಿತು. ಬಸ್ಸಿನ ಖರ್ಚೆಂಬ ನೆಪ ಅಂದಿಗೆ ತೀರಿತು. 2024ರಲ್ಲಿ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿಗಳಿಗೆ ಒಂದೇ ವರ್ಷದಲ್ಲಿ ಮೂರು ಸಲ ಪರೀಕ್ಷೆ ಬರೆಯುವ ಅವಕಾಶವನ್ನೂ ರಾಜ್ಯವು ಕಲ್ಪಿಸಿತು. ಸರ್ಕಾರವೇ ಎರಡನೆಯ, ಮೂರನೆಯ ಅವಕಾಶವನ್ನು ಕೊಟ್ಟಿದ್ದು ಸರಿಯೇ. ಆದರೆ ಮೊದಲ ಫಲಿತಾಂಶದ ಸಂಜೆಯೇ ಮನೆಯ ಹಿರಿಯರು ಜಾತಕ ಬಿಚ್ಚಿದರೆ, ಆ ಅವಕಾಶವು ಕಾಗದದ ಮೇಲೆಯೇ ಉಳಿಯುತ್ತದೆ.

ಹೆಣ್ಣುಮಕ್ಕಳ ತಾಯ್ತಂದೆಗಳು ಮಾಡಬೇಕಾದುದು ದೊಡ್ಡ ತ್ಯಾಗವೇನೂ ಅಲ್ಲ. ಎಲ್ಲ ತಾಯಂದಿರೂ ಮಾಂಗಲ್ಯ ತೆಗೆದುಕೊಡಬೇಕಾಗಿಲ್ಲ. ಮಗಳು ಸೋತು ಬಂದ ದಿನ ಬಿಸಿ ರೊಟ್ಟಿ ಬಡಿಸಿ, “ಇನ್ನೊಮ್ಮೆ ಬರೀತೀಯೇನವ್ವಾ?” ಎಂದು ಕೇಳಿದರೆ ಸಾಕು. ಬರೆಯುವೆನೆಂದೋ, ಒಲ್ಲೆನೆಂದೋ ಆಕೆಯೇ ಹೇಳಲಿ. ತನ್ನ ಬಾಳಿನ ಕುರಿತು ಹುಡುಗಿಯೊಬ್ಬಳು ತಾನೇ ಕೊಡುವ ಮೊದಲ ಉತ್ತರ ಅದಾಗಿರುತ್ತದೆ. ಅಂದಿನಿಂದ ಆಕೆ ಬಾಲಿಕೆಯಲ್ಲ.

ಮಹಾಗಾಂವ ಕ್ರಾಸಿನಲ್ಲಿ ಬೆನ್ನ ಹಿಂದೆ ಅಡಗಿ ನಿಂತ ಹುಡುಗಿಗೂ, ಕೈಯೆತ್ತಿ ಬಸ್ಸು ನಿಲ್ಲಿಸಿದ ಹುಡುಗಿಗೂ ಇರುವ ಅಂತರದ ಗುಟ್ಟು ಬಹುಶಃ ಇಷ್ಟೆ. ತಪ್ಪಿಹೋದ ಬಸ್ಸಿನ ಹಿಂದೆ ಇನ್ನೊಂದು ಬರುವುದೆಂಬುದನ್ನು ಎರಡನೆಯವಳು ಅನುಭವದಿಂದ ಬಲ್ಲಳು. ಅದು ಬರುವವರೆಗೆ ದಾರಿಯಲ್ಲಿ ನಿಂತಿರಲು ಮನೆಯವರು ಅವಳನ್ನು ಬಿಟ್ಟಿದ್ದರು.