ನಟ್ಟಿನ ಅಳತೆಯೂ ಗುಟ್ಟೇ?

ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಯೊಂದಕ್ಕೆ ಬಂದ ಗಿರಾಕಿ ಜೇಬಿನಿಂದ ಕಾಗದದ ಪೊಟ್ಟಣ ತೆಗೆದ. ಒಳಗೆ ಹೊಟ್ಟೆ ಉಬ್ಬಿ ಸುಕ್ಕಾದ ಪುಟ್ಟ ಲೋಹದ ಕೊಳವೆ. ಒಂದು ತುದಿಯಲ್ಲಿ ತೆಳ್ಳನೆಯ ಅಂಚು, ಮೈಮೇಲೆ ಉದ್ದುದ್ದ ಗೀರು, ಒಳಗಡೆ ಥ್ರೆಡ್. "ಇಂಥದ್ದೇ ಎರಡು ಕೊಡಿ ಅಣ್ಣ" ಎಂದ. ಅಂಗಡಿಯವರು ಅದನ್ನು ಬೆರಳ ತುದಿಯಲ್ಲಿ ಹೊರಳಿಸಿ ನೋಡಿ ಕೇಳಿದರು: "ಸೈಜೇನು? ಹೋಲ್ ಎಷ್ಟು? ಶೀಟ್ ಎಷ್ಟು ಗೇಜು?" ಆತನಿಗೆ ಒಂದೂ ಗೊತ್ತಿರಲಿಲ್ಲ. ಯುಪಿಎಸ್ ಪೆಟ್ಟಿಗೆಯ ಮುಚ್ಚಳ ಬಿಚ್ಚಲು ಹೋದಾಗ ಸ್ಕ್ರೂ ಜೊತೆ ನಟ್ಟೂ ಗರಗರ ತಿರುಗಿತ್ತು. ಡ್ರಿಲ್ ಹಾಕಿ ಕಿತ್ತು ತಂದಿದ್ದ.

ಪೆಟ್ಟಿಗೆಯ ಜೊತೆ ಬಂದ ಪುಸ್ತಕದಲ್ಲಿ ಆ ನಟ್ಟಿನ ಹೆಸರಿಲ್ಲ, ಅಳತೆಯಿಲ್ಲ. ಬಿಡಿಭಾಗದ ಪಟ್ಟಿಯಲ್ಲಿ ಸಿಗುವುದು ಇಡೀ ಪ್ಯಾನಲ್. ಕೆಲವೇ ರೂಪಾಯಿಯ ಸಾಮಾನಿಗೆ ಸಾವಿರಾರು ರೂಪಾಯಿ ತೆರಬೇಕು, ಇಲ್ಲವೇ ಹೀಗೆ ಪೊಟ್ಟಣ ಹಿಡಿದು ಬೀದಿ ಸುತ್ತಬೇಕು.

ಅಷ್ಟಕ್ಕೂ ತಗಡಿಗೆ ಇಂಥ ವಿಚಿತ್ರ ನಟ್ಟು ಯಾಕೆ? 18 ಗೇಜಿನ ತಗಡಿನ ದಪ್ಪ ಸುಮಾರು 1.2 ಮಿ.ಮೀ. ಎಂ6 ಸ್ಕ್ರೂವಿನ ಒಂದು ಸುತ್ತಿಗೆ 1 ಮಿ.ಮೀ. ಬೇಕು. ತಗಡಿಗೇ ಟ್ಯಾಪ್ ಹೊಡೆದರೆ ಸಿಗುವುದು ಒಂದೇ ಸುತ್ತು, ನಾಲ್ಕು ಸಲ ಬಿಗಿಯುವಷ್ಟರಲ್ಲಿ ಅದೂ ಸವೆದು ಹೋಗುತ್ತದೆ. ಹಿಂಬದಿಗೆ ಕೈ ಹೋಗದ ಕಡೆ ಸಾದಾ ನಟ್ಟು ಹಾಕಿದರೆ ಅದನ್ನು ಹಿಡಿದುಕೊಳ್ಳುವವರು ಯಾರು? 1930ರ ದಶಕದಲ್ಲಿ ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿಗೂ ಇದೇ ಪೇಚು. ವಿಮಾನದ ರೆಕ್ಕೆಯ ಅಂಚಿಗೆ ಮಂಜುಗಡ್ಡೆ ಒಡೆಯುವ ರಬ್ಬರ್ ಹೊದಿಕೆ ಕೂರಿಸಬೇಕಿತ್ತು, ರೆಕ್ಕೆಯೊಳಗೆ ಕೈ ತೂರುತ್ತಿರಲಿಲ್ಲ. ಹೊರಗಿನಿಂದಲೇ ತೂತಿಗೆ ಇಳಿಸಿ, ಎಳೆದು, ಒಳಗೆ ಹೊಟ್ಟೆ ಉಬ್ಬಿಸಿ ತಗಡನ್ನು ಕಚ್ಚಿಸುವ ರಿವ್‌ನಟ್ ಬಂದದ್ದು ಹಾಗೆ. ಗಿರಾಕಿಯ ಪೊಟ್ಟಣದಲ್ಲಿದ್ದದ್ದು ಅದರದೇ ಸಂತಾನ, ರಿವೆಟ್ ನಟ್.

ಇದರ ನೆಂಟರೂ ಕಮ್ಮಿಯಿಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಒಲೆ ತಯಾರಿಸುತ್ತಿದ್ದ ಟಿನ್ನರ್‌ಮನ್ ಕುಟುಂಬ, ನಟ್ಟು ಬಿಗಿದಾಗಲೆಲ್ಲ ಒಲೆಯ ಎನಾಮೆಲ್ ಬಿರಿಯುತ್ತದೆಂದು ಸ್ಪ್ರಿಂಗ್ ಉಕ್ಕಿನ ತೆಳು ನಟ್ಟು ಮಾಡಿಕೊಂಡಿತು. ಸ್ಕೂಟರಿನ ಪ್ಯಾನಲ್ಲುಗಳಲ್ಲಿ ಸಿಗುವ ಕ್ಲಿಪ್ಪಿನಂಥ ನಟ್ಟು ಆ ಜಾತಿಯದು. ಪ್ರೆಸ್ಸಿನಲ್ಲಿ ಒತ್ತಿ ತಗಡಿನೊಳಗೇ ಹುದುಗಿಸುವ ಕ್ಲಿಂಚ್ ನಟ್ ಮತ್ತೊಂದು. ಅದಕ್ಕೆ ಹೆಸರಾದ ಪೆಮ್ ಕಂಪನಿ 1942ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಶುರುವಾಯಿತು. ಎಂ4 ಕ್ಲಿಂಚ್ ನಟ್ಟಿಗೆ 5.4 ಮಿ.ಮೀ. ತೂತು ಬೇಕು, ಎಂ4 ರಿವೆಟ್ ನಟ್ಟಿಗೆ ಸಾಮಾನ್ಯವಾಗಿ 6 ಮಿ.ಮೀ. ಸ್ಕ್ರೂ ಒಂದೇ ಆದರೂ ಒಂದರ ತೂತಿಗೆ ಇನ್ನೊಂದು ಕೂರದು.

ಥ್ರೆಡ್ಡಿನ ಮೋಸ ಇನ್ನೂ ನಯ. ಅಮೆರಿಕದ 10-32 ಸ್ಕ್ರೂವಿನ ದಪ್ಪ 4.83 ಮಿ.ಮೀ., ಒಂದು ಸುತ್ತಿಗೆ 0.79. ನಮ್ಮ ಎಂ5ರದ್ದು 5 ಮತ್ತು 0.8. ಹೊರಗಿನಿಂದ ಬಂದ ಸರ್ವರ್ ರ‍್ಯಾಕಿನ 10-32 ಸ್ಕ್ರೂವನ್ನು ಎಂ5 ನಟ್ಟಿಗೆ ಹಾಕಿದರೆ ಅದು ಜಾಣನ ಹಾಗೆ ಒಳಗೆ ಹೋಗಿಬಿಡುತ್ತದೆ. ಭಾರ ಬಿದ್ದ ಮೇಲೆ ಗೊತ್ತಾಗುತ್ತದೆ ಹಿಡಿತವೇ ಸಾಲದೆಂದು. ಇತ್ತ ಹಳೆಯ ಅಂಗಡಿಗಳಲ್ಲಿ ಕಾಲಿಂಚಿಗೆ ಈಗಲೂ "ಎರಡು ಸೂತ್" ಎನ್ನುತ್ತಾರೆ. ಕಾಲಿಂಚಿನ ವಿಟ್‌ವರ್ತ್ ಬೋಲ್ಟಿಗೂ ಅಮೆರಿಕದ ಕಾಲಿಂಚಿನದಕ್ಕೂ ಇಂಚಿಗೆ 20 ಸುತ್ತೇ, ಆದರೆ ಹಲ್ಲಿನ ಕೋನ ಒಂದರದು 55 ಡಿಗ್ರಿ, ಇನ್ನೊಂದರದು 60. ಇದನ್ನೆಲ್ಲ ಬರಿಗಣ್ಣಲ್ಲಿ ಗುರುತಿಸಿ ಎಂದು ಮನೆಯವರಿಗೆ ಹೇಳುವುದು ಯಾವ ನ್ಯಾಯ?

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿತು. ಅದೇ ಡಿಸೆಂಬರಿನಲ್ಲಿ ಪೋರ್ಟಲ್ ಕೂಡ ಬಂತು. ಕೃಷಿ ಯಂತ್ರ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹಬಳಕೆಯ ವಸ್ತು, ವಾಹನ ಎಲ್ಲವೂ ಅದರ ವ್ಯಾಪ್ತಿಯಲ್ಲಿವೆ. ಮಾತು ಮಾತ್ರ ಬ್ಯಾಟರಿ, ಪರದೆ, ಮದರ್‌ಬೋರ್ಡುಗಳ ಸುತ್ತಲೇ ಸುತ್ತುತ್ತದೆ. ಅವನ್ನು ಬದಲಿಸಬೇಕಾದರೂ ಮೊದಲು ಮುಚ್ಚಳ ತೆಗೆದು, ಆಮೇಲೆ ಮತ್ತೆ ಭದ್ರವಾಗಿ ಹಾಕಬೇಕಲ್ಲ! ನಟ್ಟಿನ ಬಗೆ, ಥ್ರೆಡ್, ತೂತಿನ ಅಳತೆ, ತಗಡಿನ ದಪ್ಪ: ಇವಿಷ್ಟನ್ನು ಬಿಡಿಭಾಗದ ಪಟ್ಟಿಯಲ್ಲಿ ಅಚ್ಚು ಹಾಕುವುದನ್ನು ಕಂಪನಿಗಳಿಗೆ ಕಡ್ಡಾಯ ಮಾಡಬೇಕು. ವ್ಯಾಪಾರದ ಗುಟ್ಟು ಎಂಬ ನೆಪ ಇಲ್ಲಿ ನಡೆಯುವುದಿಲ್ಲ. ಕಂಪನಿಯೇ ಈ ನಟ್ಟನ್ನು ಹೊರಗಿನಿಂದ ಕೊಂಡು ತಂದಿರುತ್ತದೆ, ಕೊಳ್ಳುವಾಗ ಅಳತೆ ಬರೆದೇ ಕೊಂಡಿರುತ್ತದೆ.

ಗಿರಾಕಿ ಮನೆಗೆ ಹೋಗಿ ಅಂಗಡಿಯವರು ಹೇಳಿಕೊಟ್ಟಂತೆ ಮಾಡಿದ. ವರ್ನಿಯರ್ ಇರಲಿಲ್ಲ, ಡ್ರಿಲ್ ಬಿಟ್‌ಗಳ ಹಿಂತುದಿಯನ್ನೇ ತೂತಿಗೆ ತೂರಿಸಿ ನೋಡಿದ. 9 ಮಿ.ಮೀ.ದು ಹಿತವಾಗಿ ಹೋಯಿತು, 9.5ರದ್ದು ಹೋಗಲಿಲ್ಲ. ಮಾರನೆಯ ದಿನ ಎಂ6 ರಿವೆಟ್ ನಟ್ ಎರಡು ತಂದ. ಕೂರಿಸುವ ಗನ್ ಇಲ್ಲದ್ದರಿಂದ ಉದ್ದದ ಬೋಲ್ಟಿಗೆ ಒಂದು ನಟ್ಟು, ವಾಷರ್ ಪೋಣಿಸಿ ರಿವೆಟ್ ನಟ್ಟಿಗೆ ತಿರುಗಿಸಿದ. ಬೋಲ್ಟಿನ ತಲೆಯನ್ನು ಒಂದು ಸ್ಪ್ಯಾನರಿನಲ್ಲಿ ಅಲುಗದಂತೆ ಹಿಡಿದು, ನಡುವಿನ ನಟ್ಟನ್ನು ಇನ್ನೊಂದರಲ್ಲಿ ಬಿಗಿಯುತ್ತ ಹೋದ. ತಗಡಿನ ಹಿಂದೆ ಹೊಟ್ಟೆ ಉಬ್ಬಿ ಕಚ್ಚಿಕೊಂಡಿತು. ಮುಚ್ಚಳ ಹಾಕುವ ಮೊದಲು ಅದರ ಒಳಮೈ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದ: ರಿವೆಟ್ ನಟ್, ಎಂ6, ತೂತು 9, ತಗಡು 1.2.