ವರನಾರೆಂಬ ವಾದ

ಕೊರಿಯಾದ ‘ರಿಪ್ಲೈ ೧೯೮೮’ ಎಂಬ ಧಾರಾವಾಹಿ ೨೦೧೫ರ ನವೆಂಬರದಿಂದ ೨೦೧೬ರ ಜನವರಿಯವರೆಗೆ ಅಲ್ಲಿ ಪ್ರಸಾರವಾಯಿತು. ಸೋಲ್ ನಗರದ ಒಂದು ಓಣಿಯ ಐದು ಮಂದಿ ಗೆಳೆಯರ ಕತೆ. ನಾಯಕಿ ದೊಕ್‌ಸನ್ ಯಾರನ್ನು ವರಿಸಿದಳೆಂಬುದನ್ನು ಕೊನೆಯ ಕಂತುಗಳವರೆಗೂ ಮುಚ್ಚಿಟ್ಟರು. ನೋಡುವವರಲ್ಲಿ ಎರಡು ಪಕ್ಷಗಳಾದವು. ಮಾತಿನಲ್ಲಿ ಒರಟನಾದ ಜಂಗ್‌ಹ್ವಾನನ ಕಡೆಯವರು ಕೆಲವರು, ಬಾದುಕ್ ಎಂಬ ಹಲಗೆಯಾಟದ ನಿಪುಣ ಟೇಕನ ಕಡೆಯವರು ಕೆಲವರು. ಟೇಕನೇ ವರನೆಂದು ತಿಳಿದಾಗ ಮೊದಲಿನವರು ಕತೆ ಬರೆದವರ ಮೇಲೆಯೇ ಸಿಟ್ಟಾದರು. ನಮ್ಮ ತರಗತಿಗಳಲ್ಲಿಯೂ ಈಗ ಅದೇ ವಾದ.

ಈ ಸಿಟ್ಟು ನಮಗೆ ಸರಿಕಾಣದು. ಜಂಗ್‌ಹ್ವಾನ್ ಒಳ್ಳೆಯವನೇ; ಆದರೆ ವರ್ಷಗಟ್ಟಲೆ ಬಾಯಿ ಬಿಡಲಿಲ್ಲ. ಅವಳು ಸಂಗೀತ ಕಾರ್ಯಕ್ರಮಕ್ಕೆ ಒಬ್ಬಳೇ ಹೋದ ದಿನ ಟೇಕ್ ತನ್ನ ಪಂದ್ಯವನ್ನೇ ಬಿಟ್ಟು ಓಡಿಬಂದ. ಇವನು ರಸ್ತೆಯ ಕೆಂಪು ದೀಪಗಳಿಗೆ ನಿಂತು ನಿಂತು ತಡವಾಗಿ ಬಂದ. ತಡವಾದುದು ದೀಪಗಳಿಂದಲ್ಲ, ತನ್ನ ಹಿಂಜರಿಕೆಯಿಂದ ಎಂದು ಅವನೇ ಒಪ್ಪುತ್ತಾನೆ. ಅವನು ಒಪ್ಪಿದರೂ ಅವನ ಪಕ್ಷದವರು ಒಪ್ಪರು!

ಇರಲಿ. ಈ ಗದ್ದಲದಲ್ಲಿ ಓಣಿಯೇ ಮರೆತುಹೋಗುತ್ತದೆಂಬುದು ನಮ್ಮ ತಕರಾರು. ಮೊದಲ ಕಂತಿನಲ್ಲಿ ಊಟದ ಹೊತ್ತಿಗೆ ಮಕ್ಕಳು ಒಂದು ಮನೆಯ ಪದಾರ್ಥವನ್ನು ಮತ್ತೊಂದಕ್ಕೆ ಒಯ್ಯುತ್ತ ದಾರಿಯಲ್ಲಿ ಎದುರಾಗುತ್ತಾರೆ. ತಾಯಂದಿರನ್ನು ಮಗುವಿನ ಹೆಸರು ಹಿಡಿದು ‘ಬೋರಾಳ ಅಮ್ಮ’ ಎಂದೇ ಕರೆಯುತ್ತಾರೆ, ನಮ್ಮಲ್ಲಿಯ ಹಾಗೆಯೇ. ನಡುವಿನ ಮಗಳಾದ ದೊಕ್‌ಸನ್‌ಗೆ ಅಕ್ಕನ ಹುಟ್ಟುಹಬ್ಬದ ಕೇಕಿನಲ್ಲೇ ಪಾಲು. ಅವಳು ಅತ್ತು ರಂಪ ಮಾಡಿದ ಮೇಲೆ ತಂದೆ ಬೇರೆ ಕೇಕು ತಂದು ಮಗಳ ಕ್ಷಮೆ ಕೇಳುತ್ತಾರೆ.

ಹೆತ್ತವರು ‘ಬರೇ ಪ್ರೇಮದ ಕತೆ’ ಎಂದು ಮೊಬೈಲು ಕಸಿದುಕೊಳ್ಳುವ ಮುನ್ನ ಈ ಒಂದು ಕಂತನ್ನು ಮಕ್ಕಳ ಜೊತೆ ಕುಳಿತು ನೋಡಬೇಕೆಂದು ನಮ್ಮ ಕೋರಿಕೆ. ನಡುವಿನ ಮಗುವುಳ್ಳ ಮನೆಯವರಂತೂ ಖಂಡಿತ.