ಹದಿನೆಂಟಕ್ಕೆ ಓಟು ಕೊಟ್ಟರು, ಕಾಲೇಜಿನ ಓಟು ಕಿತ್ತುಕೊಂಡರು

1989ರಲ್ಲಿ ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1989-90ರ ಸುಮಾರಿಗೆ, ಕರ್ನಾಟಕ ಸರ್ಕಾರ ಕಾಲೇಜು ವಿದ್ಯಾರ್ಥಿ ಸಂಘಗಳ ಚುನಾವಣೆಗೆ ಬೀಗ ಜಡಿಯಿತು. ದೇಶದ ಪ್ರಧಾನಿ ಯಾರಾಗಬೇಕೆಂದು ತೀರ್ಮಾನಿಸುವಷ್ಟು ಬುದ್ಧಿ ನಿಮಗೆ ಬಂದಿದೆಯಂತೆ. ಆದರೆ ಕಾಲೇಜಿನ ಗ್ರಂಥಾಲಯ, ಹಾಸ್ಟೆಲ್ಲಿನ ಸಾರು, ಮುಚ್ಚಿದ ಶೌಚಾಲಯದ ಬಗ್ಗೆ ನಿಮ್ಮ ಪರವಾಗಿ ಪ್ರಿನ್ಸಿಪಾಲರ ಎದುರು ಯಾರು ಮಾತಾಡಬೇಕೆಂದು ತೀರ್ಮಾನಿಸುವ ಬುದ್ಧಿ ಬಂದಿಲ್ಲವಂತೆ! ಇದು ನಮ್ಮನ್ನಾಳಿದ ಮಹಾಶಯರ ತರ್ಕ. ಆಮೇಲೆ ಕಾಂಗ್ರೆಸ್ ಬಂತು, ದಳ ಬಂತು, ಬಿಜೆಪಿ ಬಂತು. ದಶಕಗಳ ಕಾಲ ಯಾರೂ ಆ ಬೀಗ ಮುಟ್ಟಲಿಲ್ಲ. ವಿದ್ಯಾರ್ಥಿ ರಾಜಕಾರಣದ ಏಣಿ ಹತ್ತಿ ವಿಧಾನಸೌಧ ಸೇರಿದವರು ಎಲ್ಲ ಪಕ್ಷಗಳಲ್ಲೂ ಇದ್ದಾರೆ. ತಾವು ಹತ್ತಿದ ಮೇಲೆ ಏಣಿ ಎಳೆದುಕೊಂಡರು, ಅಷ್ಟೆ.

ನಿಜ ಹೇಳಬೇಕೆಂದರೆ, ಅಂದಿನ ಚುನಾವಣೆಗಳೇನೂ ಹಾಲಿನಷ್ಟು ಬೆಳ್ಳಗಿರಲಿಲ್ಲ. ಜಾತಿಯ ಗುಂಪುಗಾರಿಕೆ ಇತ್ತು. ಹೊರಗಿನ ಪುಢಾರಿಗಳ ದುಡ್ಡು ಹರಿಯುತ್ತಿತ್ತು. ಹೊಡೆದಾಟಗಳೂ ಆದವು. ಮಗನನ್ನು ಓದಲು ಕಳಿಸಿದ ತಂದೆತಾಯಿ ಹೆದರಿದ್ದರೆ ಅದು ತಪ್ಪಲ್ಲ. ಆದರೆ ಶಾಸನಸಭೆ ಚುನಾವಣೆಯಲ್ಲಿ ಹೆಂಡ, ಹಣ, ಸೀರೆ, ಕುಕ್ಕರು ಹಂಚುತ್ತಾರೆಂದು ಶಾಸನಸಭೆಯನ್ನೇ ಮುಚ್ಚಿದವರುಂಟೇ? ನೆಗಡಿ ಬಂತೆಂದು ಮೂಗು ಕೊಯ್ಯುವ ವೈದ್ಯ ವಿದ್ಯಾರ್ಥಿಗಳಿಗೆ ಮಾತ್ರ ಸಿಕ್ಕಿದ!

ನೆಗಡಿಗೆ ಔಷಧಿಯೂ ಇದೆ. ಸುಪ್ರೀಂ ಕೋರ್ಟಿನ ಸೂಚನೆಯಂತೆ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೋ ಅವರ ನೇತೃತ್ವದಲ್ಲಿ ಸಮಿತಿ ರಚನೆಯಾಗಿ, 2006ರಲ್ಲಿ ವರದಿ ಕೊಟ್ಟಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೋರ್ಟು ಆ ಶಿಫಾರಸುಗಳನ್ನು ಜಾರಿಗೆ ತರಲು ಆದೇಶಿಸಿತು. ಒಬ್ಬ ಅಭ್ಯರ್ಥಿ 5,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ರಾಜಕೀಯ ಪಕ್ಷದ ದುಡ್ಡು ಕೂಡದು. ಅಚ್ಚು ಹಾಕಿಸಿದ ಪೋಸ್ಟರು ಕೂಡದು, ಕೈಯಲ್ಲಿ ಬರೆದದ್ದೇ ಆಗಬೇಕು. ಹಾಜರಿ ಶೇ. 75 ಇರಬೇಕು, ಕ್ರಿಮಿನಲ್ ದಾಖಲೆ ಇರಬಾರದು. ನಾಮಪತ್ರದಿಂದ ಫಲಿತಾಂಶದವರೆಗೆ ಎಲ್ಲವೂ 10 ದಿನದೊಳಗೆ ಮುಗಿಯಬೇಕು. (ಈ ನಿಯಮಗಳನ್ನು ನಮ್ಮ ಎಂ.ಎಲ್.ಎ.ಗಳಿಗೂ ಅನ್ವಯಿಸಿದರೆ ವಿಧಾನಸಭೆಯಲ್ಲಿ ಎಷ್ಟು ಕುರ್ಚಿ ತುಂಬೀತು?) ಚುನಾವಣೆಗೆ ವಾತಾವರಣ ಸರಿಯಿಲ್ಲದ ಕಡೆ ಕೆಲಕಾಲ ನಾಮಕರಣ ಮಾಡಿಕೊಳ್ಳಬಹುದು, ಆದರೆ ಕ್ರಮೇಣ ಚುನಾವಣೆಗೆ ಬರಲೇಬೇಕು ಎಂದೂ ಸಮಿತಿ ಹೇಳಿತ್ತು. ನಮ್ಮವರು ನಾಮಕರಣವನ್ನಷ್ಟೇ ಗಟ್ಟಿಯಾಗಿ ಹಿಡಿದುಕೊಂಡರು.

ಗೆಳೆಯರೇ, ಸಂಘವಿಲ್ಲದೆ ಕಳೆದುಕೊಂಡದ್ದೇನು? ದೂರ ಹೋಗುವುದು ಬೇಡ. 2021-22ರಲ್ಲಿ ಹೊಸ ಶಿಕ್ಷಣ ನೀತಿ ಎಂದು ನಾಲ್ಕು ವರ್ಷದ ಪದವಿ ತಂದರು. 2024ರ ಮೇ ತಿಂಗಳಲ್ಲಿ ಅದು ಬೇಡ, ಮತ್ತೆ ಮೂರೇ ವರ್ಷ ಎಂದರು. ಯಾವುದು ಸರಿ ಎಂಬ ಚರ್ಚೆ ಇನ್ನೊಂದು ದಿನಕ್ಕಿರಲಿ. ಎರಡು ಸಲವೂ ಹಾಳೆ ಹರಿದದ್ದು ಯಾರ ಬದುಕಿನದು? ಆ ಎರಡು ತೀರ್ಮಾನದ ಮೇಜಿನಲ್ಲೂ ವಿದ್ಯಾರ್ಥಿಗಳೇ ಆರಿಸಿ ಕಳಿಸಿದ ಒಬ್ಬನೇ ಒಬ್ಬ ಪ್ರತಿನಿಧಿ ಇರಲಿಲ್ಲ. ಇರುವುದಾದರೂ ಹೇಗೆ?

ಕನ್ನಡದ ಕಥೆಯೂ ಅದೇ. 2021ರಲ್ಲಿ ಪದವಿ ತರಗತಿಗಳಿಗೆ ಕನ್ನಡ ಕಡ್ಡಾಯ ಮಾಡಿ ಸರ್ಕಾರ ಆದೇಶ ಹೊರಡಿಸಿತು. ಕೆಲವರು ಹೈಕೋರ್ಟಿಗೆ ಹೋದರು, ಕಡ್ಡಾಯಕ್ಕೆ ತಡೆ ಬಿತ್ತು. ವಿರೋಧಿಸುವವರಿಗೆ ವಕೀಲರಿದ್ದರು. ಕನ್ನಡ ಬೇಕೆನ್ನುವ ಲಕ್ಷಾಂತರ ಹುಡುಗ ಹುಡುಗಿಯರ ಪರವಾಗಿ, 'ಇವರೆಲ್ಲ ಓಟು ಹಾಕಿ ನನ್ನನ್ನು ಕಳಿಸಿದ್ದಾರೆ' ಎಂದು ಎದ್ದು ನಿಲ್ಲುವವರು ಯಾರಿದ್ದರು? 1982ರ ಗೋಕಾಕ್ ಚಳವಳಿಯನ್ನು ನೆನೆಯಿರಿ. ಸಾಹಿತಿಗಳು ದನಿ ಎತ್ತಿದರು, ಡಾ. ರಾಜ್ ಬೀದಿಗಿಳಿದರು. ಆ ಮೆರವಣಿಗೆಗಳಲ್ಲಿ ಕಾಲೇಜು ಬಿಟ್ಟು ಬಂದ ವಿದ್ಯಾರ್ಥಿಗಳೂ ಇದ್ದರು. ಆಗ ಕಾಲೇಜುಗಳಲ್ಲಿ ಸಂಘಗಳಿದ್ದವು. ಸಂಘ ಕಟ್ಟಿ, ಓಟು ಕೇಳಿ, ಭಾಷಣ ಮಾಡಿ ಪಳಗಿದ ನಾಲಿಗೆಗಳಿದ್ದವು.

ಇನ್ನೊಂದು ಸಂಗತಿ ಕೇಳಿದರೆ ಹೊಟ್ಟೆ ಉರಿಯುತ್ತದೆ. ಕಾಸರಗೋಡಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಓದುವ ನಮ್ಮ ಹುಡುಗ ತನ್ನ ಕಾಲೇಜು ಯೂನಿಯನ್ನಿಗೆ ಓಟು ಹಾಕಬಲ್ಲ, ಚುನಾವಣೆಗೂ ನಿಲ್ಲಬಲ್ಲ. ಕೇರಳದಲ್ಲಿ ಆ ಪದ್ಧತಿ ಉಳಿದಿದೆ. ಗಡಿಯಾಚೆ ಅಲ್ಪಸಂಖ್ಯಾತನಾಗಿ ಬದುಕುವ ಕನ್ನಡಿಗನಿಗೆ ಸಿಕ್ಕ ಹಕ್ಕು, ಕನ್ನಡಿಗರದೇ ರಾಜಧಾನಿಯಲ್ಲಿ ಓದುವ ಕನ್ನಡಿಗನಿಗೆ ದಶಕಗಟ್ಟಲೆ ಸಿಗಲಿಲ್ಲ.

'ನಮಗೆ ರಾಜಕೀಯ ಬೇಡ, ಓದು ಸಾಕು, ಕ್ಯಾಂಪಸ್ ಸೆಲೆಕ್ಷನ್ ಆದರೆ ಸಾಕು' ಎನ್ನುವವರಿಗೆ ಒಂದು ಮಾತು. ನೀವು ರಾಜಕೀಯ ಬಿಟ್ಟರೂ ರಾಜಕೀಯ ನಿಮ್ಮನ್ನು ಬಿಟ್ಟಿಲ್ಲ. ಬೆಂಗಳೂರು ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದು, ವರ್ಷಗಟ್ಟಲೆ ಕಾರ್ಪೊರೇಟರುಗಳೇ ಇಲ್ಲದೆ ಅಧಿಕಾರಿಗಳು ಊರು ನಡೆಸಿದರು. ರಸ್ತೆಗುಂಡಿಗೆ ಬಿದ್ದವರು ಯಾರನ್ನು ಕೇಳಬೇಕಿತ್ತು? ಚುನಾವಣೆ ನಡೆಸಿರೆಂದು ಎಷ್ಟು ಯುವಕರು ಬೀದಿಗೆ ಬಂದರು? ಕಾಲೇಜಿನಲ್ಲಿ ಒಮ್ಮೆಯೂ ಓಟಿನ ಪೆಟ್ಟಿಗೆ ನೋಡದವರಿಗೆ ಊರಿನ ಓಟು ನಿಂತುಹೋದದ್ದು ಕಾಣುವುದಿಲ್ಲ.

ಚುನಾವಣೆ ಮರಳಿ ತರುವ ಮಾತು ಆಗೊಮ್ಮೆ ಈಗೊಮ್ಮೆ ಕೇಳಿಬರುತ್ತದೆ. ಬಂದಾಗ ಹಿಂದೆ ಸರಿಯಬೇಡಿ. ನೀವು ಹಿಂದೆ ಸರಿದರೆ ಆ ಜಾಗಕ್ಕೆ ಹೊರಗಿನ ಪುಢಾರಿಯ ಚೇಲಾ ಬಂದು ಕೂರುತ್ತಾನೆ. ಹುಡುಗಿಯರೂ ನಿಲ್ಲಲಿ, ಬರೀ ಜೊತೆ ಕಾರ್ಯದರ್ಶಿ ಸ್ಥಾನಕ್ಕಲ್ಲ, ಅಧ್ಯಕ್ಷ ಸ್ಥಾನಕ್ಕೆ. ಹಳ್ಳಿಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದು, ಇಂಗ್ಲಿಷ್ ಪಾಠಕ್ಕೆ ಹೆದರಿ ಹಿಂದಿನ ಬೆಂಚಿನಲ್ಲಿ ಕೂತವನನ್ನು ನಿಲ್ಲಿಸಿ. ಓಟು ಕೇಳಲು ಬಂದವರು ಕನ್ನಡದಲ್ಲಿ ಕೇಳಲಿ. ನೋಟೀಸ್ ಬೋರ್ಡಿನಲ್ಲಿ ಕನ್ನಡ ಬರುತ್ತದೆಯೇ, ಅಂಕಪಟ್ಟಿ ತಡವಾದರೆ ವಿಶ್ವವಿದ್ಯಾಲಯದ ಬಾಗಿಲಿಗೆ ಹೋಗುತ್ತೀರಾ ಎಂದು ಅವರನ್ನು ಕೇಳಿ.

ಅದಕ್ಕೂ ಮೊದಲು ಒಂದು ಕೆಲಸವಿದೆ. ನಿಮ್ಮ ಫೀಸಿನ ರಸೀದಿ ತೆಗೆದು ನೋಡಿ. ವಿದ್ಯಾರ್ಥಿ ಸಂಘ, ಕ್ರೀಡೆ, ಸಾಂಸ್ಕೃತಿಕ ಚಟುವಟಿಕೆ ಎಂಬ ಹೆಸರಿನಲ್ಲಿ ಹಣ ಪಡೆದಿದ್ದರೆ, ನಾಲ್ಕು ಜನ ಸೇರಿ ಸಹಿ ಮಾಡಿ ಪ್ರಿನ್ಸಿಪಾಲರಿಗೆ ಪತ್ರ ಕೊಡಿ: ಇಲ್ಲದ ಸಂಘದ ಹಣವನ್ನು ಯಾರ ತೀರ್ಮಾನದಂತೆ, ಯಾವುದಕ್ಕೆ ಖರ್ಚು ಮಾಡಿದಿರಿ? ಪತ್ರ ಕನ್ನಡದಲ್ಲೇ ಇರಲಿ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.